ಕೈಗೆ ತಕ್ಕ ಕಾವು, ಮೈಗೆ ತಕ್ಕ ಸಾಧನ



ಗುದ್ದಲಿಗೆ ಹೊಸ ಕಾವು ಹಾಕಿಸುವಾಗ ನೀವು ಏನು ಮಾಡುತ್ತೀರಿ? ಕೈಯಲ್ಲಿ ಹಿಡಿದು, ಎರಡು ಏಟು ಅಗೆದು ನೋಡುತ್ತೀರಿ. ಎತ್ತರದ ಆಳಿಗೆ ಉದ್ದ ಕಾವು, ಗಿಡ್ಡ ಆಳಿಗೆ ಗಿಡ್ಡ ಕಾವು. ನೊಗ ಸರಿಯಾಗಿ ಕೂರದೆ ಎತ್ತಿನ ಹೆಗಲು ಹುಣ್ಣಾದರೆ ನೀವು ಎತ್ತನ್ನು ಬೈಯುವುದಿಲ್ಲ. ನೊಗವನ್ನು ಕೆತ್ತಿಸಿ ಸರಿಮಾಡುತ್ತೀರಿ. ಆದರೆ ಮನುಷ್ಯರ ವಿಷಯದಲ್ಲಿ ಮಾತ್ರ ಈ ಬುದ್ಧಿ ನಮಗೆ ಮರೆತುಹೋಗುತ್ತದೆ. ಕಾಲಿಲ್ಲದವನಿಂದ ಕೆಲಸ ಆಗದು, ಕಣ್ಣು ಕಾಣದ ಮಗುವಿಗೆ ಓದು ಹತ್ತದು ಅಂತ ನಾವೇ ತೀರ್ಮಾನ ಮಾಡಿ ಮೂಲೆಯಲ್ಲಿ ಕೂರಿಸಿಬಿಡುತ್ತೇವೆ. ಆದುದರಿಂದ ಈ ದಿನ ಬೀಜ ಗೊಬ್ಬರಗಳ ಮಾತನ್ನು ಬದಿಗಿಟ್ಟು, ಅಂಗವಿಕಲರ ಕೆಲಸಕ್ಕೂ ಓದಿಗೂ ನೆರವಾಗುವ ಸಾಧನಗಳ ವಿಷಯ ಹೇಳುತ್ತೇನೆ.

ಭತ್ತ ಬೆಳೆಯುವ ಒಂದು ಹಳ್ಳಿಗೆ ಬೀಜೋಪಚಾರ ತೋರಿಸಲು ಹೋಗಿದ್ದೆ. ಜಗಲಿಯ ಮೇಲೆ ಕೂತಿದ್ದ ಯಜಮಾನರಿಗೆ ಮೊಣಕಾಲಿನ ಕೆಳಗೆ ಬಲಗಾಲು ಇರಲಿಲ್ಲ. ಕೆಸರುಗದ್ದೆಯಲ್ಲಿ ಪವರ್ ಟಿಲ್ಲರನ್ನು ಹಿಂದಕ್ಕೆ ತೆಗೆಯುವಾಗ ಕಾಲು ಬ್ಲೇಡಿಗೆ ಸಿಕ್ಕಿತಂತೆ. ಶಿಬಿರವೊಂದರಲ್ಲಿ ಕೃತಕ ಕಾಲು ಹಾಕಿಸಿಕೊಂಡಿದ್ದರು. ಅದೆಲ್ಲಿ ಎಂದು ಕೇಳಿದೆ.

"ಅಟ್ಟದ ಮೇಲೈತೆ ಸ್ವಾಮಿ. ಮೊದಮೊದಲು ನೆಟ್ಟಗಿತ್ತು. ಆಮೇಲೆ ಒಳಗೊಳಗೇ ಜಾರೋಕೆ ಸುರುವಾಯ್ತು, ಹುಣ್ಣಾಯ್ತು. ಈಗ ಯಾರದಾದ್ರೂ ಮದುವೆಗೆ ಹೋಗೋವಾಗ ಹಾಕ್ಕೋತೀನಿ ಅಷ್ಟೆ" ಎಂದರು.

ಅವರು ಮಾಡುತ್ತಿದ್ದ ಕೆಲಸವೆಲ್ಲ ಹೆಂಡತಿಯ ಮೇಲೆ ಬಿದ್ದಿತ್ತು. ಎಂಟನೆಯ ತರಗತಿಯಲ್ಲಿದ್ದ ಮಗಳು ಶಾಲೆ ಬಿಟ್ಟು ದನ ನೋಡಿಕೊಳ್ಳುತ್ತಿದ್ದಳು. ಹೋದದ್ದು ಒಬ್ಬರ ಕಾಲು, ಕುಂಟುತ್ತಿದ್ದದ್ದು ಇಡೀ ಮನೆ.

ನಿಜ ಹೇಳಬೇಕೆಂದರೆ, ಆ ಹೊತ್ತು ನನಗೂ ಕಾರಣ ತಿಳಿಯಲಿಲ್ಲ. ಕಾಲಿನಲ್ಲೇ ಏನೋ ದೋಷವಿರಬೇಕು ಎಂದುಕೊಂಡೆ. ಬಲ್ಲವರನ್ನು ವಿಚಾರಿಸಿದ ಮೇಲೆ ಗೊತ್ತಾಯಿತು. ಶಸ್ತ್ರಚಿಕಿತ್ಸೆಯಾದ ಮೊದಲ ತಿಂಗಳುಗಳಲ್ಲಿ ಉಳಿದ ಮೋಟುಕಾಲು ಊದಿಕೊಂಡಿರುತ್ತದೆ. ಬರಬರುತ್ತ ಊತ ಇಳಿದು, ಕೆಲಸವಿಲ್ಲದ ಮಾಂಸಖಂಡ ಸೊರಗಿ, ಅದು ಸಣ್ಣದಾಗುತ್ತದೆ. ಮೋಟುಕಾಲು ಕೂರುವ ಗೂಡಿಗೆ ಸಾಕೆಟ್ ಎನ್ನುತ್ತಾರೆ. ಅದು ಮೊದಲಿನ ಅಳತೆಯದೇ ಆಗಿರುತ್ತದೆ. ಹೀಗಾಗಿ ಕಾಲು ಒಳಗೆ ಜಾರಿ, ಉಜ್ಜಿ, ಹುಣ್ಣಾಗುತ್ತದೆ. ಇದಕ್ಕೆ ಪರಿಹಾರ ಮತ್ತೆ ಹೋಗಿ ಹೊಸ ಅಳತೆ ಕೊಟ್ಟು ಸಾಕೆಟ್ಟನ್ನು ಬದಲಾಯಿಸಿಕೊಳ್ಳುವುದು. ಕೆತ್ತಿ ಸರಿಮಾಡಬೇಕಾದ ನೊಗವನ್ನು ಆ ಯಜಮಾನರು ಅಟ್ಟಕ್ಕೆ ಹಾಕಿದ್ದರು.

ಅವರ ಹತ್ತಿರ ಇದ್ದದ್ದು ಜೈಪುರ ಕಾಲು. ಇದರ ಕಥೆಯನ್ನು ರೈತರು ತಿಳಿಯಲೇಬೇಕು. ಹಿಂದೆ ನಮ್ಮಲ್ಲಿಗೆ ಬರುತ್ತಿದ್ದ ಪರದೇಶದ ಮಾದರಿಯ ಕಾಲು ಬೂಟಿನೊಳಗೆ ಇರಬೇಕಾದದ್ದು. ಅದನ್ನು ಹಾಕಿಕೊಂಡು ಕುಕ್ಕರಗಾಲಿನಲ್ಲಿ ಕೂರಲು ಆಗದು, ಬರಿಗಾಲಿನಲ್ಲಿ ನಡೆಯಲು ಆಗದು, ನೀರಿಗೆ ಇಳಿಯಲಂತೂ ಆಗದು. ಕುರ್ಚಿಯಲ್ಲಿ ಕೂತು ದುಡಿಯುವವರಿಗೆ ಅದು ಸರಿ, ಗದ್ದೆಯಲ್ಲಿ ದುಡಿಯುವವರಿಗೆ ಅಲ್ಲ. ಇದನ್ನು ಕಂಡು, ರಾಜಸ್ಥಾನದ ಜೈಪುರದಲ್ಲಿ ರಾಮಚಂದ್ರ ಶರ್ಮ ಎಂಬ ಕುಶಲಕರ್ಮಿಯೂ ಡಾ. ಪಿ. ಕೆ. ಸೇಠಿ ಎಂಬ ಮೂಳೆ ವೈದ್ಯರೂ ಕೂಡಿ 1968ರ ಹೊತ್ತಿಗೆ ರಬ್ಬರಿನ ಪಾದವೊಂದನ್ನು ತಯಾರಿಸಿದರು. ಟೈರನ್ನು ಕಾಯಿಸಿ ಗಟ್ಟಿಮಾಡುವ ಹಾಗೆಯೇ ಇದರ ರಬ್ಬರನ್ನೂ ಕಾಯಿಸಿ ಗಟ್ಟಿಮಾಡುತ್ತಾರೆ. ಪಾದ ಎಲ್ಲ ಕಡೆಗೂ ಬಾಗುತ್ತದೆ. ಏರುತಗ್ಗಿನ ನೆಲಕ್ಕೆ ಒಗ್ಗುತ್ತದೆ. ಕೆಸರು ನೀರಿಗೆ ಹೆದರಬೇಕಾದ್ದಿಲ್ಲ. ಪಾದದ ಮೇಲಿನ ಭಾಗವನ್ನು ಮೊದಲು ಅಲ್ಯೂಮಿನಿಯಂ ತಗಡಿನಲ್ಲಿ ಮಾಡುತ್ತಿದ್ದರು. ಆಮೇಲೆ ಎಚ್.ಡಿ.ಪಿ.ಇ. ಕೊಳವೆ ಬಂತು. ನೀವು ನೀರಾವರಿಗೆ ಹಾಕಿಸುವಂಥದೇ ಕೊಳವೆ! ಅದನ್ನು ಕಾಯಿಸಿ, ಆಯಾ ಮನುಷ್ಯರ ಕಾಲಿನ ಅಚ್ಚಿನ ಮೇಲೆ ಎಳೆದು ಆಕಾರ ಕೊಡುತ್ತಾರೆ. 1975ರಲ್ಲಿ ಜೈಪುರದಲ್ಲಿ ಸ್ಥಾಪನೆಯಾದ ಭಗವಾನ್ ಮಹಾವೀರ್ ವಿಕಲಾಂಗ ಸಹಾಯತಾ ಸಮಿತಿಯು ಈ ಕಾಲನ್ನು ಬಡವರಿಗೆ ಹಣ ಪಡೆಯದೆ ಹಾಕಿಸಿಕೊಡುತ್ತಾ ಬಂದಿದೆ.

ಕೃತಕ ಕಾಲು ಇರುವವರು ನೆನಪಿಡಬೇಕಾದ ಮಾತುಗಳು ಕೆಲವಿವೆ. ಪ್ರತಿ ರಾತ್ರಿ ಕಾಲು ಕಳಚಿ, ಮೋಟುಕಾಲನ್ನು ಸೋಪು ಹಚ್ಚಿ ತೊಳೆದು, ಚೆನ್ನಾಗಿ ಒರೆಸಿ ಒಣಗಿಸಿರಿ. ಕೆಂಪಾಗಿದೆಯೇ, ಗುಳ್ಳೆ ಎದ್ದಿದೆಯೇ ನೋಡಿರಿ. ಹಿಂಬದಿ ಕಾಣದಿದ್ದರೆ ಕನ್ನಡಿ ಹಿಡಿಯಿರಿ. ಒಳಗೆ ಹಾಕುವ ಕಾಲುಚೀಲವನ್ನು ದಿನಾ ಒಗೆಯಿರಿ. ಗಾಯವಿದ್ದರೆ ಅದು ಮಾಯುವ ತನಕ ಕಾಲು ಹಾಕಬೇಡಿರಿ. ಸಕ್ಕರೆ ಕಾಯಿಲೆ ಇರುವವರಂತೂ ಸಣ್ಣ ಗಾಯವಾದರೂ ಅಸಡ್ಡೆ ಮಾಡದೆ ವೈದ್ಯರಿಗೆ ತೋರಿಸಿರಿ. ಮಲಗುವಾಗ ಮೊಣಕಾಲಿನ ಕೆಳಗೆ ದಿಂಬು ಇಟ್ಟುಕೊಳ್ಳಬೇಡಿರಿ. ಮೊಣಕಾಲು ಮಡಚಿಕೊಂಡೇ ಬಿಗಿದು ನಿಂತರೆ ಮುಂದೆ ಕಾಲು ಕೂರಿಸುವುದು ಕಷ್ಟ. ರಬ್ಬರು ಸವೆಯುವ ವಸ್ತು. ಸವೆದಾಗ ಪಾದ ಬದಲಾಯಿಸಬೇಕು, ಹೊರೆ ಎಂದುಕೊಳ್ಳಬಾರದು.

ಆ ಯಜಮಾನರು ಹೊಸ ಸಾಕೆಟ್ ಹಾಕಿಸಿಕೊಂಡರು. ಈಗ ತಲೆಯ ಮೇಲೆ ಮೂಟೆ ಹೊತ್ತು ಬದುವಿನ ಮೇಲೆ ನಡೆಯಲಾರರು. ಆದರೆ ನೀರು ಕಟ್ಟುತ್ತಾರೆ, ಕುಕ್ಕರಗಾಲಿನಲ್ಲಿ ಕೂತು ಹಾಲು ಕರೆಯುತ್ತಾರೆ. ಮಗಳು ಮತ್ತೆ ಶಾಲೆಗೆ ಹೋದಳು. ಒಂದು ವರ್ಷ ಹಿಂದೆ ಬಿದ್ದಳು, ಅಷ್ಟೆ.

ಇನ್ನು ಓದಿನ ಮಾತು. ಮನೆಯಲ್ಲಿ ಕಣ್ಣು ಕಾಣದ ಮಗುವಿದ್ದರೆ, "ಇದಕ್ಕೆ ಅಕ್ಷರ ಹೇಗಪ್ಪಾ ಹತ್ತುತ್ತೆ?" ಎಂದು ನೀವು ಕೇಳಬಹುದು. ಬೆರಳಿನಿಂದ ಹತ್ತುತ್ತದೆ. ಫ್ರಾನ್ಸ್ ದೇಶದ ಒಂದು ಹಳ್ಳಿಯಲ್ಲಿ ಕುದುರೆಗಳಿಗೆ ಜೀನು, ಲಗಾಮು ಮಾಡುವವರ ಮನೆಯಲ್ಲಿ 1809ರಲ್ಲಿ ಹುಟ್ಟಿದ ಲೂಯಿ ಬ್ರೈಲ್, ಮೂರನೆಯ ವಯಸ್ಸಿನಲ್ಲಿ ತಂದೆಯ ಕೆಲಸದ ಜಾಗದಲ್ಲಿ ಚರ್ಮ ಚುಚ್ಚುವ ಮೊನೆ ಕಣ್ಣಿಗೆ ತಗುಲಿ, ಆಮೇಲೆ ಎರಡೂ ಕಣ್ಣಿನ ದೃಷ್ಟಿ ಕಳೆದುಕೊಂಡ. ಅದೇ ಹುಡುಗ ತನ್ನ ಹದಿನೈದನೆಯ ವಯಸ್ಸಿನಲ್ಲಿ, 1824ರಲ್ಲಿ, ಮುಟ್ಟಿ ಓದುವ ಲಿಪಿಯನ್ನು ಕಂಡುಹಿಡಿದ. ಒಂದೊಂದು ಮನೆಗೆ ಆರು ಚುಕ್ಕೆ, ಎರಡು ಸಾಲು, ಸಾಲಿಗೆ ಮೂರು. ಅವುಗಳಲ್ಲಿ ಯಾವ ಯಾವ ಚುಕ್ಕೆ ಎದ್ದಿದೆ ಎಂಬುದರ ಮೇಲೆ 63 ಗುರುತುಗಳಾಗುತ್ತವೆ. ಕನ್ನಡವೂ ಸೇರಿ ನಮ್ಮ ದೇಶದ ಭಾಷೆಗಳಿಗೆ ಹೊಂದುವ ಭಾರತಿ ಬ್ರೈಲ್ 1951ರಲ್ಲಿ ನಿಶ್ಚಯವಾಯಿತು. ಬರೆಯಲು ಬೇಕಾದದ್ದು ಕಿಂಡಿಗಳಿರುವ ಒಂದು ಪಟ್ಟಿ, ಒಂದು ಮೊಳೆಯಂಥ ಕಡ್ಡಿ, ದಪ್ಪ ಕಾಗದ. ಬಲದಿಂದ ಎಡಕ್ಕೆ ಚುಚ್ಚಬೇಕು. ಕಾಗದ ಮಗುಚಿದರೆ ಚುಕ್ಕೆಗಳು ಉಬ್ಬಿ ನಿಂತಿರುತ್ತವೆ. ಎಡದಿಂದ ಬಲಕ್ಕೆ ಬೆರಳಾಡಿಸಿ ಓದಬೇಕು.

ಈಗ ಮೊಬೈಲ್ ಫೋನೂ ಓದಿ ಹೇಳುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ಟಾಕ್‌ಬ್ಯಾಕ್ ಎಂಬ ವ್ಯವಸ್ಥೆಯಿದೆ. ಪರದೆಯ ಮೇಲೆ ಬೆರಳು ಇಟ್ಟ ಕಡೆ ಏನಿದೆಯೋ ಅದನ್ನು ಕನ್ನಡದಲ್ಲೇ ಗಟ್ಟಿಯಾಗಿ ಹೇಳುತ್ತದೆ. ಕಂಪ್ಯೂಟರಿಗೆ ಎನ್.ವಿ.ಡಿ.ಎ. ಎಂಬುದು 2006ರಿಂದ ಬಂದಿದೆ. ಅದಕ್ಕೆ ಹಣ ಕೊಡಬೇಕಾದ್ದಿಲ್ಲ. ಇವುಗಳಿಂದ ಕಣ್ಣು ಕಾಣದವರು ಕಾಗದಪತ್ರ ಓದಿಕೊಂಡು ಕಚೇರಿ ಕೆಲಸ ಮಾಡುತ್ತಿದ್ದಾರೆ. ಹಾಗೆಂದು, ಫೋನು ಬಂತು, ಬ್ರೈಲ್ ಯಾಕೆ ಅಂತ ಬಿಡಬೇಡಿರಿ. ಕೇಳಿ ತಿಳಿಯುವುದು ಬೇರೆ, ಅಕ್ಷರ ಕೂಡಿಸಿ ಬರೆಯುವುದು ಬೇರೆ.

ಎಲ್ಲ ಸಾಧನವೂ ಹೊರಗಿನಿಂದಲೇ ಬರಬೇಕೆಂದಿಲ್ಲ. ಕಣ್ಣು ಕಾಣದವರಿಗೆ ಹಿತ್ತಲ ಬಾಗಿಲಿನಿಂದ ಕೊಟ್ಟಿಗೆಯ ತನಕ ಸೊಂಟದೆತ್ತರಕ್ಕೆ ಒಂದು ಹಗ್ಗ ಕಟ್ಟಿದರೆ ಅದನ್ನು ಹಿಡಿದು ಹೋಗಿ ದನಕ್ಕೆ ಮೇವು ಹಾಕುತ್ತಾರೆ. ಬಗ್ಗಲಾರದವರಿಗೆ ಕಳೆ ತೆಗೆಯುವ ಉಪಕರಣಕ್ಕೆ ಉದ್ದ ಕಾವು ಹಾಕಿಸಿರಿ. ಕೇಳುವಾಗ ಒಂದೇ ಪ್ರಶ್ನೆ ಕೇಳಿರಿ: ಈ ಮನುಷ್ಯ ಯಾವ ಕೆಲಸ ಮಾಡಬೇಕೆಂದಿದ್ದಾನೆ, ಅದಕ್ಕೆ ಎಲ್ಲಿ ತಡೆಯಾಗಿದೆ?

ಸಾಧನ ಬೇಕಾದವರು ಮೊದಲು ಸರ್ಕಾರಿ ವೈದ್ಯರಿಂದ ಅಂಗವಿಕಲತೆಯ ಪ್ರಮಾಣಪತ್ರ ಮತ್ತು ಯು.ಡಿ.ಐ.ಡಿ. ಗುರುತಿನ ಚೀಟಿ ಮಾಡಿಸಿಕೊಳ್ಳಬೇಕು. ಶೇಕಡಾ 40 ಅಥವಾ ಅದಕ್ಕೆ ಮೇಲ್ಪಟ್ಟು ಎಂದು ಅದರಲ್ಲಿದ್ದರೆ ಅನೇಕ ಸೌಲಭ್ಯಗಳಿವೆ. 1981ರಿಂದ ನಡೆಯುತ್ತಿರುವ ಕೇಂದ್ರ ಸರ್ಕಾರದ ಎ.ಡಿ.ಐ.ಪಿ. ಯೋಜನೆಯಲ್ಲಿ ಕುಟುಂಬದ ವರಮಾನ ನೋಡಿ ಸಾಧನಗಳನ್ನು ಪೂರ್ತಿ ಉಚಿತವಾಗಿ ಅಥವಾ ಅರ್ಧ ಬೆಲೆಗೆ ಕೊಡುತ್ತಾರೆ. 2016ರ ಕಾಯಿದೆಯ ಪ್ರಕಾರ ಇಂಥ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. ಪುಸ್ತಕ, ಸಾಧನಗಳೂ ಅದರಲ್ಲಿ ಸೇರಿವೆ. ಸರ್ಕಾರಿ ಹುದ್ದೆಗಳಲ್ಲಿ ಶೇಕಡಾ 4ಕ್ಕೆ ಕಡಿಮೆಯಿಲ್ಲದಂತೆ ಮೀಸಲಿದೆ. ದಾರಿ ತಿಳಿಯದಿದ್ದರೆ ಗ್ರಾಮ ಪಂಚಾಯಿತಿಗೆ ಹೋಗಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ವಿಚಾರಿಸಿರಿ. ಎಳೆಯ ಮಗು ಸದ್ದಿಗೆ ತಿರುಗದಿದ್ದರೆ ಕಾಯದೆ ಕಿವಿ ಪರೀಕ್ಷೆ ಮಾಡಿಸಿರಿ. ಮಾತು ಬಲಿಯುವುದು ಮೊದಲ ವರ್ಷಗಳಲ್ಲಿ. ಹದ ತಪ್ಪಿದ ಬಿತ್ತನೆಯಂತೆ, ತಡವಾದರೆ ನಷ್ಟ ದೊಡ್ಡದು. 1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಪರೀಕ್ಷೆಗೂ ಶ್ರವಣಯಂತ್ರಕ್ಕೂ ಏರ್ಪಾಡಿದೆ.

ಕಡೆಯದಾಗಿ ಒಂದು ವಿನಂತಿ. ನಿಮ್ಮ ಮನೆಯ ಅಟ್ಟದ ಮೇಲೆ ಒಂದು ಕಾಲೋ, ಊರುಗೋಲೋ, ಶ್ರವಣಯಂತ್ರವೋ ಧೂಳು ಹಿಡಿದು ಬಿದ್ದಿದ್ದರೆ ಇವೊತ್ತೇ ಕೆಳಗಿಳಿಸಿರಿ. ಯಾಕೆ ಬಿಟ್ಟೆ ಅಂತ ಅದನ್ನು ತೊಡುವವರನ್ನೇ ಕೇಳಿರಿ. ಅವರು ಹೇಳಿದ್ದನ್ನು ಕೇಳಿಕೊಂಡು, ಸಾಧನವನ್ನು ಸರಿಮಾಡಿಸಲು ಅವರ ಜೊತೆ ನೀವೂ ಹೊರಡಿರಿ.