ಸೈರನ್ ಕೂಗಿದರೆ ದಾರಿ ಸಿಕ್ಕಿತು ಅಂತಲ್ಲ: ಪೊಲೀಸ್ ಜೀಪು ಬೇಗ ಬರಬೇಕು, ಕ್ಷೇಮವಾಗಿಯೂ ಬರಬೇಕು ಅಂದರೆ ಏನು ಮಾಡಬೇಕು?

ಹಾಸನ: ಸಂಜೆ ಆರೂವರೆ. ಬಜಾರ್ ರಸ್ತೆಯ ಎಡಕ್ಕೆ ಹಣ್ಣಿನ ಗಾಡಿಗಳ ಸಾಲು, ಬಲಕ್ಕೆ ಅಡ್ಡಾದಿಡ್ಡಿ ನಿಂತ ಬೈಕುಗಳು, ನಡುವೆ ಕಿರಾಣಿ ಮೂಟೆ ಇಳಿಸುತ್ತಿರುವ ಒಂದು ಟೆಂಪೋ. ಹಿಂದಿನಿಂದ ಸೈರನ್ ಕೂಗುತ್ತದೆ. ಎಲ್ಲರೂ ತಿರುಗಿ ನೋಡುತ್ತಾರೆ, ಯಾರೂ ಕದಲುವುದಿಲ್ಲ. ಕದಲೋಣ ಅಂದರೂ ಜಾಗ ಎಲ್ಲಿದೆ? ಟೆಂಪೋ ಡ್ರೈವರ್ ಟೀ ಕುಡಿಯಲು ಹೋಗಿದ್ದಾನೆ. ಅವನು ಬರುವವರೆಗೆ 112 ಜೀಪು ಅಲ್ಲೇ.

ಜಿಲ್ಲೆಯ ಯಾವ ತಾಲ್ಲೂಕು ಕೇಂದ್ರಕ್ಕೂ ಇದು ಹೊಸ ದೃಶ್ಯವಲ್ಲ. ಆದರೆ ಇದರ ಮುಂದಿನ ಭಾಗವನ್ನು ಬಜಾರಿನವರು ನೋಡುವುದಿಲ್ಲ. ಇಲ್ಲಿ ಕಳೆದುಹೋದ ಮೂರು ನಿಮಿಷವನ್ನು ಊರಾಚೆಯ ಖಾಲಿ ರಸ್ತೆಯಲ್ಲಿ ವಸೂಲಿ ಮಾಡಬೇಕು ಅಂತ ಜೀಪಿನ ಡ್ರೈವರ್‌ಗೆ ಅನಿಸುತ್ತದೆ. ಅಪಾಯ ಶುರುವಾಗುವುದು ಅಲ್ಲಿ.

ಪೊಲೀಸ್ ವಾಹನ ಅಂದ ಮಾತ್ರಕ್ಕೆ ರಸ್ತೆ ರಿಯಾಯಿತಿ ಕೊಡುವುದಿಲ್ಲ. 2024ರ ಡಿಸೆಂಬರ್ 1ರಂದು ಹಾಸನ ಹತ್ತಿರದ ಕಿತ್ತಾನೆ ಬಳಿ ಪೊಲೀಸ್ ಜೀಪು ಅಪಘಾತಕ್ಕೀಡಾಗಿ, ಮೊದಲ ಹುದ್ದೆಗೆ ವರದಿ ಮಾಡಿಕೊಳ್ಳಲು ಬರುತ್ತಿದ್ದ ಯುವ ಐಪಿಎಸ್ ಅಧಿಕಾರಿ ಮೃತಪಟ್ಟದ್ದನ್ನು ಜಿಲ್ಲೆ ಮರೆತಿಲ್ಲ. ಟೈರ್ ಸಿಡಿದು ನಿಯಂತ್ರಣ ತಪ್ಪಿತು ಅಂತ ಆಗ ವರದಿಯಾಗಿತ್ತು. ಅದು ತುರ್ತು ಕರೆಯ ಓಟವೇನಲ್ಲ, ಮಾಮೂಲಿ ಪ್ರಯಾಣ. ಮಾಮೂಲಿ ಪ್ರಯಾಣದಲ್ಲೇ ಹೀಗಾಗುವುದಾದರೆ, ಸೈರನ್ ಹಾಕಿಕೊಂಡು ಓಡುವಾಗ ಎಷ್ಟು ಎಚ್ಚರ ಬೇಕು?

ವೇಗ ಹೆಚ್ಚಿಸಿದರೆ ಉಳಿಯುವುದು ಎಷ್ಟು?

ಲೆಕ್ಕ ಹಾಕಿ ನೋಡಿ. ಠಾಣೆಯಿಂದ ಘಟನೆ ನಡೆದ ಹಳ್ಳಿ 10 ಕಿಲೋಮೀಟರ್ ದೂರ ಅಂತಿಟ್ಟುಕೊಳ್ಳೋಣ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋದರೆ 10 ನಿಮಿಷ. 80ರಲ್ಲಿ ಹೋದರೆ ಏಳೂವರೆ ನಿಮಿಷ. ಉಳಿದದ್ದು ಎರಡೂವರೆ ನಿಮಿಷ. ಅದೂ ದಾರಿಯುದ್ದಕ್ಕೂ ಒಂದು ಕಡೆಯೂ ನಿಧಾನ ಮಾಡದೆ ಹೋದರೆ ಮಾತ್ರ. ತಿರುವು, ಹಂಪ್, ದನದ ಹಿಂಡು, ಟ್ರ್ಯಾಕ್ಟರ್ ಎಲ್ಲ ಇರುವ ನಿಜವಾದ ರಸ್ತೆಯಲ್ಲಿ ಉಳಿಯುವುದು ಇನ್ನೂ ಕಡಿಮೆ.

ಇದಕ್ಕೆ ಕೊಡುವ ಬೆಲೆ ಏನು? ಎದುರಿಗೆ ಏನೋ ಬಂತು ಅಂತ ಕಣ್ಣಿಗೆ ಬಿದ್ದು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಹೆಚ್ಚುಕಡಿಮೆ ಒಂದು ಸೆಕೆಂಡ್ ಆಗುತ್ತದೆ. 60ರ ವೇಗದಲ್ಲಿ ಆ ಒಂದು ಸೆಕೆಂಡಿಗೇ ಜೀಪು 17 ಮೀಟರ್ ಮುಂದೆ ಹೋಗಿರುತ್ತದೆ. ನಂತರ ಬ್ರೇಕ್ ಹಿಡಿದು ನಿಲ್ಲಲು ಒಣ ರಸ್ತೆಯಲ್ಲಿ ಇನ್ನೊಂದು 20 ಮೀಟರ್ ಬೇಕು. ಒಟ್ಟು ಸುಮಾರು 37 ಮೀಟರ್. 80ರಲ್ಲಿ ಇದು ಸುಮಾರು 57 ಮೀಟರ್ ಆಗುತ್ತದೆ. 100ರಲ್ಲಿ 80 ಮೀಟರ್ ದಾಟುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ಓಡುವ ದೂರ ನಾಲ್ಕು ಪಟ್ಟಾಗುತ್ತದೆ. ಸಕಲೇಶಪುರ ಕಡೆಯ ಮಳೆಗಾಲದ ರಸ್ತೆಯಾದರೆ, ಟೈರ್ ಸವೆದಿದ್ದರೆ, ಜೀಪಿನ ತುಂಬ ಸಿಬ್ಬಂದಿ ಇದ್ದರೆ ಇನ್ನೂ ಹೆಚ್ಚು.

ಎರಡೂವರೆ ನಿಮಿಷ ಉಳಿಸಲು ಹೋಗಿ ಜೀಪು ಹೊಲಕ್ಕೆ ಬಿದ್ದರೆ, ಕರೆ ಮಾಡಿದವರಿಗೆ ಸಹಾಯ ಸಿಗುವುದಿಲ್ಲ. ಜೀಪಿನವರಿಗೇ ಇನ್ನೊಂದು ಜೀಪು, ಆಂಬುಲೆನ್ಸ್ ಕಳಿಸಬೇಕಾಗುತ್ತದೆ. ತಡವಾಗಿ ತಲುಪುವುದು ನಷ್ಟವೇ. ತಲುಪದೇ ಇರುವುದು ಅದಕ್ಕಿಂತ ದೊಡ್ಡ ನಷ್ಟ.

ಕಾನೂನು ಏನು ಹೇಳುತ್ತದೆ?

"ಪೊಲೀಸರಿಗೆ ಯಾವ ರೂಲ್ಸೂ ಇಲ್ಲ ಬಿಡಿ" ಅನ್ನೋದು ಟೀ ಅಂಗಡಿಯ ಮಾತು. ಹಾಗೇನಿಲ್ಲ. 2017ರ ಮೋಟಾರು ವಾಹನ ಚಾಲನಾ ನಿಯಮಾವಳಿಯಲ್ಲಿ ಅಗ್ನಿಶಾಮಕ, ಆಂಬುಲೆನ್ಸ್, ಪೊಲೀಸ್ ವಾಹನಗಳಿಗೆ ತುರ್ತು ಸಂದರ್ಭದಲ್ಲಿ ವಿನಾಯಿತಿ ಇದೆ. ಕೆಂಪು ದೀಪ ದಾಟಬಹುದು, ವೇಗಮಿತಿ ಮೀರಬಹುದು. ಆದರೆ ಷರತ್ತುಗಳಿವೆ. ನಿಜವಾಗಿ ತುರ್ತು ಇರಬೇಕು, ಸೈರನ್ ಮತ್ತು ಮಿನುಗು ದೀಪ ಹಾಕಿರಬೇಕು, ಜವಾಬ್ದಾರಿಯಿಂದ, ಎಚ್ಚರಿಕೆಯಿಂದ ಓಡಿಸಬೇಕು.

ಅಂದರೆ ಸೈರನ್ ಇರುವುದು ದಾರಿ ಕೇಳುವುದಕ್ಕೆ. ಕೇಳಿದ ತಕ್ಷಣ ದಾರಿ ಸಿಕ್ಕಿತು ಅಂತ ಲೆಕ್ಕ ಹಾಕುವ ಹಾಗಿಲ್ಲ. ಊಟ ತರಲು, ಮೀಟಿಂಗಿಗೆ ಬೇಗ ಮುಟ್ಟಲು ಸೈರನ್ ಹಾಕುವಂತಿಲ್ಲ. ನಿರ್ಲಕ್ಷ್ಯದಿಂದ ಓಡಿಸಿ ಯಾರದ್ದಾದರೂ ಜೀವ ಹೋದರೆ ಖಾಕಿ ತೊಟ್ಟ ಡ್ರೈವರ್ ಮೇಲೂ ಭಾರತೀಯ ನ್ಯಾಯ ಸಂಹಿತೆಯಡಿ ಪ್ರಕರಣ ದಾಖಲಾಗಬಹುದು.

ಅಲ್ಲಿ ಎಷ್ಟೋ ಇಲ್ಲೂ ಅಷ್ಟೇ. ತುರ್ತು ವಾಹನಕ್ಕೆ ದಾರಿ ಬಿಡದಿದ್ದರೆ ಮೋಟಾರು ವಾಹನ ಕಾಯ್ದೆಯ 194ಇ ಕಲಂ ಅನ್ವಯವಾಗುತ್ತದೆ. 2019ರ ತಿದ್ದುಪಡಿಯಲ್ಲಿ ಸೇರಿಸಿದ ಈ ಕಲಂನಲ್ಲಿ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡಕ್ಕೂ ಅವಕಾಶವಿದೆ.

ಒಳ್ಳೆಯ ಡ್ರೈವರ್ ಹೇಗೆ ಓಡಿಸುತ್ತಾನೆ?

ಜೋರಾಗಿ ಓಡಿಸುವವನೇ ಒಳ್ಳೆಯ ಡ್ರೈವರ್ ಅನ್ನುವ ನಂಬಿಕೆ ಇದೆ. ತುರ್ತು ಚಾಲನೆಯಲ್ಲಿ ಎಲ್ಲಿ ನಿಧಾನ ಮಾಡಬೇಕು ಅಂತ ಗೊತ್ತಿರುವವನೇ ಬೇಗ ತಲುಪುತ್ತಾನೆ.

ಮೊದಲನೆಯದು ಸರ್ಕಲ್. ತುರ್ತು ವಾಹನಕ್ಕೆ ಅತಿ ಅಪಾಯದ ಜಾಗ ಇದೇ. ಹಾಸನದ ಎನ್.ಆರ್. ಸರ್ಕಲ್‌ನಂಥ ಕಡೆ ಸಿಗ್ನಲ್ ಕೆಂಪು ಇದ್ದಾಗ ಜೀಪು ಬಂತು ಅಂದರೆ, ಅಡ್ಡರಸ್ತೆಯವನಿಗೆ ಹಸಿರು ಇರುತ್ತದೆ. ಅವನಿಗೆ ಸೈರನ್ ಕೇಳಿಸಿರದೇ ಇರಬಹುದು. ಅದಕ್ಕೇ ಹೆಚ್ಚುಕಡಿಮೆ ನಿಂತು, ಪ್ರತಿ ಕಡೆಯ ವಾಹನವೂ ನಿಂತಿದೆ ಅಂತ ಕಣ್ಣಾರೆ ನೋಡಿ, ಆಮೇಲೆ ದಾಟಬೇಕು. ಇದಕ್ಕೆ ಹೋಗುವುದು ಐದಾರು ಸೆಕೆಂಡ್ ಅಷ್ಟೇ.

ಎರಡನೆಯದು ತಿರುವು. ತಿರುವಿಗೆ ಬರುವ ಮೊದಲೇ ವೇಗ ಇಳಿಸಬೇಕು, ತಿರುವಿನ ಒಳಗೆ ಬ್ರೇಕ್ ಹಿಡಿಯಬಾರದು. ಎತ್ತರದ ಜೀಪುಗಳು ತಿರುವಿನಲ್ಲಿ ಕಾರಿಗಿಂತ ಬೇಗ ಮಗುಚುತ್ತವೆ. ಕಾಫಿ ತೋಟದ ನಡುವಿನ ರಸ್ತೆಗಳಲ್ಲಿ ಮಂಜು ಕವಿದಾಗ, ಕಣ್ಣಿಗೆ ಕಾಣುವಷ್ಟು ದೂರದೊಳಗೆ ನಿಲ್ಲಿಸಬಹುದಾದ ವೇಗವೇ ಸರಿಯಾದ ವೇಗ.

ಮೂರನೆಯದು ಮನಸ್ಸು. ತುರ್ತು ಕರೆ ಬಂದಾಗ ಎದೆಬಡಿತ ಏರುತ್ತದೆ. ನೋಟ ನೇರ ಮುಂದಕ್ಕೆ ಮಾತ್ರ ಅಂಟಿಕೊಳ್ಳುತ್ತದೆ, ಪಕ್ಕದಿಂದ ಓಡಿಬರುವ ಮಗು ಕಾಣುವುದಿಲ್ಲ. ಅದಕ್ಕೇ ವೈರ್‌ಲೆಸ್, ಫೋನ್, ದಾರಿ ಕೇಳುವ ಕೆಲಸವನ್ನೆಲ್ಲ ಪಕ್ಕದಲ್ಲಿ ಕೂತವರು ಮಾಡಬೇಕು. ಡ್ರೈವರ್ ಬರೀ ಓಡಿಸಬೇಕು. ರಾತ್ರಿಯಿಡೀ ಡ್ಯೂಟಿ ಮಾಡಿ ಕಣ್ಣು ಕೂರುತ್ತಿದ್ದರೆ ಹೇಳಿಬಿಡಬೇಕು, ಅದು ನಾಚಿಕೆಯ ವಿಷಯ ಅಲ್ಲ.

ನಾಲ್ಕನೆಯದು ಸೀಟ್ ಬೆಲ್ಟ್. "ಪದೇ ಪದೇ ಇಳಿಯಬೇಕು, ಬೆಲ್ಟ್ ಯಾಕೆ" ಅನ್ನುವ ಅಭ್ಯಾಸ ಬಹಳ ಕಡೆ ಇದೆ. ಬೆಲ್ಟ್ ಬಿಚ್ಚಲು ಬೇಕಾಗುವುದು ಒಂದು ಸೆಕೆಂಡ್. ಜೀಪು ಮಗುಚಿದಾಗ ಹೊರಗೆ ಎಸೆಯದಂತೆ ಹಿಡಿದಿಡುವುದು ಅದೊಂದೇ. ಹೊರಡುವ ಮೊದಲು ಟೈರ್, ಬ್ರೇಕ್, ಲೈಟ್ ನೋಡುವುದೂ ಇದೇ ಸಾಲಿಗೆ ಸೇರುತ್ತದೆ.

ಈ ವಿದ್ಯೆಯನ್ನು ಪಾಠವಾಗಿ ಕಲಿಸುವ ದೇಶಗಳಿವೆ. ಬ್ರಿಟನ್ನಿನಲ್ಲಿ 1955ರಿಂದ ಪ್ರಕಟವಾಗುತ್ತಿರುವ ರೋಡ್‌ಕ್ರಾಫ್ಟ್ ಎಂಬ ಕೈಪಿಡಿಯೇ ಪೊಲೀಸ್ ಡ್ರೈವರ್‌ಗಳಿಗೆ ಆಧಾರ. ಅದು ಹೇಳಿಕೊಡುವ ಕ್ರಮ ಸರಳ: ಮೊದಲು ಸುತ್ತ ಗಮನಿಸು, ರಸ್ತೆಯಲ್ಲಿ ಸರಿಯಾದ ಜಾಗ ಹಿಡಿ, ವೇಗ ಹೊಂದಿಸು, ಗೇರ್ ಬದಲಿಸು, ಕೊನೆಗೆ ಆಕ್ಸಿಲರೇಟರ್ ಒತ್ತು. ಆಕ್ಸಿಲರೇಟರ್ ಎಷ್ಟನೇ ಸ್ಥಾನದಲ್ಲಿದೆ ಅನ್ನುವುದನ್ನು ಗಮನಿಸಬೇಕು.

ಬೆನ್ನಟ್ಟಿ ಹಿಡಿಯಲೇಬೇಕಾ?

ತಪಾಸಣೆ ವೇಳೆ ಬೈಕ್ ಸವಾರ ನಿಲ್ಲಿಸದೆ ಹೋದ ಅಂದುಕೊಳ್ಳಿ. ಜೀಪು ಬೆನ್ನಟ್ಟಿದರೆ ಅವನು ಇನ್ನೂ ಜೋರಾಗಿ ಓಡುತ್ತಾನೆ. ಹೆಲ್ಮೆಟ್ ಇಲ್ಲದ ತಪ್ಪಿಗೆ ಶುರುವಾದ ಓಟ ಯಾರದ್ದೋ ಜೀವದಲ್ಲಿ ಮುಗಿಯಬಹುದು. ಬೈಕಿಗೆ ನಂಬರ್ ಪ್ಲೇಟ್ ಇದೆ, ಮುಂದಿನ ಊರಿನಲ್ಲಿ ಪೊಲೀಸ್ ಠಾಣೆ ಇದೆ, ವೈರ್‌ಲೆಸ್ ಎರಡಕ್ಕಿಂತಲೂ ವೇಗ. ಸುತ್ತಲಿನವರ ಜೀವಕ್ಕೆ ಕೂಡಲೇ ಅಪಾಯ ತರುವಂಥ ಆರೋಪಿಯ ವಿಷಯ ಬೇರೆ. ಉಳಿದ ಸಂದರ್ಭದಲ್ಲಿ ಬಿಟ್ಟು ಹಿಡಿಯುವುದೇ ಜಾಣತನ.

ಸೈರನ್ ಯಾಕೆ ಕೇಳಿಸುವುದಿಲ್ಲ?

ಕಾರಿನ ಗಾಜು ಏರಿಸಿ ಹಾಡು ಹಾಕಿದರೆ, ಪೂರ್ತಿ ಹೆಲ್ಮೆಟ್ ಹಾಕಿದರೆ ಸೈರನ್ ತೀರಾ ಹತ್ತಿರ ಬಂದಾಗಲೇ ಗೊತ್ತಾಗುವುದು. ಎರಡೂ ಕಡೆ ಅಂಗಡಿ ಕಟ್ಟಡಗಳಿರುವ ರಸ್ತೆಯಲ್ಲಿ ಶಬ್ದ ಗೋಡೆಗೆ ಬಡಿದು ಯಾವ ದಿಕ್ಕಿನಿಂದ ಬರುತ್ತಿದೆ ಅಂತಲೇ ತಿಳಿಯುವುದಿಲ್ಲ. ಜೀಪಿನ ವೇಗ ಹೆಚ್ಚಾದಷ್ಟೂ ಮುಂದಿರುವವರಿಗೆ ಸಿಗುವ ಸಮಯ ಕಡಿಮೆ. 50 ಮೀಟರ್ ದೂರದಲ್ಲಿ ಸೈರನ್ ಕೇಳಿಸಿತು ಅಂದರೆ, 60ರಲ್ಲಿ ಬರುವ ಜೀಪು ಮೂರು ಸೆಕೆಂಡಿಗೆ ಹತ್ತಿರವಿರುತ್ತದೆ. 90ರಲ್ಲಿ ಬಂದರೆ ಎರಡೇ ಸೆಕೆಂಡ್.

ರಸ್ತೆಯಲ್ಲಿರುವವರು ಏನು ಮಾಡಬೇಕು?

• ಗಾಬರಿಯಾಗಿ ನಡುರಸ್ತೆಯಲ್ಲೇ ಬ್ರೇಕ್ ಹಾಕಬೇಡಿ. ಇಂಡಿಕೇಟರ್ ಹಾಕಿ ಎಡಕ್ಕೆ ಸರಿದು ನಿಧಾನ ಮಾಡಿ. ಬಲಕ್ಕೆ ಹೋಗಬೇಡಿ.

• ತಿರುವು, ಸೇತುವೆ, ಕಿರಿದಾದ ಜಾಗದಲ್ಲಿದ್ದರೆ ಅಲ್ಲೇ ನಿಲ್ಲಬೇಡಿ. ಅದನ್ನು ದಾಟಿ ಜಾಗ ಸಿಕ್ಕ ಕೂಡಲೇ ಸರಿಯಿರಿ.

• ಒಂದು ಜೀಪು ಹೋದ ತಕ್ಷಣ ರಸ್ತೆಗೆ ಇಳಿಯಬೇಡಿ. ಹಿಂದೆ ಎರಡನೆಯದು ಅಥವಾ ಆಂಬುಲೆನ್ಸ್ ಇರಬಹುದು. ಒಮ್ಮೆ ಹಿಂದೆ ನೋಡಿ.

• ಸೈರನ್ ವಾಹನದ ಬಾಲ ಹಿಡಿದು ಓಡುವವರು ಎಲ್ಲ ಊರಲ್ಲೂ ಇದ್ದಾರೆ. ಕನಿಷ್ಠ 50 ಮೀಟರ್ ದೂರ ಬಿಡಿ.

• ಗುದ್ದಾಟ, ಅಪಘಾತ ನೋಡಲು ಬೈಕ್ ಹತ್ತಿ ಜೀಪಿನ ಹಿಂದೆ ಹೋಗಬೇಡಿ. ಅಲ್ಲಿ ಜಾಗ ಬೇಕಾಗಿರುವುದು ಕೆಲಸ ಮಾಡುವವರಿಗೆ.

ಅಂಗಡಿಯವರ ಪಾಲು

ಹಾಸನದ ಬಿ.ಎಂ. ರಸ್ತೆ ಇರಲಿ, ಅರಸೀಕೆರೆಯ ಬಿ.ಎಚ್. ರಸ್ತೆ ಇರಲಿ, ಬೇಲೂರು, ಚನ್ನರಾಯಪಟ್ಟಣ, ಹೊಳೆನರಸೀಪುರದ ಪೇಟೆ ಬೀದಿ ಇರಲಿ, ವ್ಯಾಪಾರವೂ ಓಡಾಟವೂ ಒಂದೇ ರಸ್ತೆಯಲ್ಲಿ ನಡೆಯಬೇಕು. ವ್ಯಾಪಾರ ನಿಲ್ಲಿಸಿ ಅಂತ ಯಾರೂ ಹೇಳುತ್ತಿಲ್ಲ. ಒಂದು ಜೀಪು ದಾಟುವಷ್ಟು ಜಾಗ ಸದಾ ಇರಲಿ ಅನ್ನುವುದಷ್ಟೇ ಮಾತು.

ಸರಕು ಇಳಿಸುವುದನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಬಹುದು. ಸಂಜೆಯೇ ಇಳಿಸಬೇಕಾದರೆ ಡ್ರೈವರ್ ಗಾಡಿ ಬಿಟ್ಟು ಹೋಗದಂತೆ ನೋಡಿಕೊಳ್ಳಬಹುದು. ಬೋರ್ಡು, ಕ್ರೇಟು, ಸ್ಟ್ಯಾಂಡುಗಳನ್ನು ಚರಂಡಿಯ ಒಳಗೇ ಇಟ್ಟುಕೊಂಡರೆ ಗಿರಾಕಿಯ ಬೈಕಿಗೆ ಜಾಗವಾಗುತ್ತದೆ, ಬೈಕು ರಸ್ತೆಗೆ ಬರುವುದಿಲ್ಲ. ಇದೇ ದಾರಿಯಲ್ಲಿ ಅಗ್ನಿಶಾಮಕ ವಾಹನವೂ ಬರಬೇಕು. ಅದು ಜೀಪಿಗಿಂತ ಎಷ್ಟೋ ಅಗಲ, ಮತ್ತು ಬರುವುದು ಯಾವುದಾದರೂ ಅಂಗಡಿಗೆ ಬೆಂಕಿ ಬಿದ್ದಾಗಲೇ.

112ಕ್ಕೆ ಕರೆ ಮಾಡುವಾಗ

ಇನ್ನಷ್ಟು ನಿಮಿಷ ಹೋಗುವುದು ವಿಳಾಸ ಹುಡುಕುವುದರಲ್ಲಿ. 112 ಕರೆಯನ್ನು ಮೊದಲು ಸ್ವೀಕರಿಸುವುದು ರಾಜ್ಯಮಟ್ಟದ ನಿಯಂತ್ರಣ ಕೇಂದ್ರ. ಮಾಹಿತಿ ಅಲ್ಲಿಂದ ಜಿಲ್ಲೆಯ ವಾಹನಕ್ಕೆ ಬರುತ್ತದೆ. "ಶೆಟ್ರ ಅಂಗಡಿ ಪಕ್ಕ, ಅರಳಿಕಟ್ಟೆ ಎದುರು" ಅಂದರೆ ಫೋನ್ ಎತ್ತಿದವರಿಗೆ ಏನೂ ತಿಳಿಯುವುದಿಲ್ಲ. ಜಿಲ್ಲೆ, ತಾಲ್ಲೂಕು, ಊರು, ಆಮೇಲೆ ಗುರುತು, ಈ ಕ್ರಮದಲ್ಲಿ ಹೇಳಿ. ಏನಾಗಿದೆ, ಯಾರಿಗಾದರೂ ಗಾಯವಾಗಿದೆಯೇ, ಆಯುಧ ಇದೆಯೇ ಅಂತ ತಿಳಿಸಿ. ಫೋನ್ ಆಫ್ ಮಾಡಬೇಡಿ. ಒಬ್ಬರು ಮುಖ್ಯರಸ್ತೆಗೆ ಬಂದು ನಿಂತು ದಾರಿ ತೋರಿಸಿದರೆ ಇನ್ನೂ ಒಳ್ಳೆಯದು.

ತಪ್ಪು ಕರೆ, ತಮಾಷೆ ಕರೆ ಬೇಡ. ಸುಳ್ಳು ಕರೆಗೂ ಜೀಪು ಇಷ್ಟೇ ವೇಗವಾಗಿ, ಇಷ್ಟೇ ಅಪಾಯ ಹೊತ್ತು ಓಡುತ್ತದೆ.

ಕೊನೆಗೆ ಮತ್ತೆ ಅದೇ ಲೆಕ್ಕ. ಜೀವ ಪಣಕ್ಕಿಟ್ಟು 20 ಕಿ.ಮೀ. ವೇಗ ಹೆಚ್ಚಿಸಿದರೆ ಡ್ರೈವರ್‌ಗೆ ಉಳಿಯುವುದು ಎರಡೂವರೆ ನಿಮಿಷ. ಬಜಾರಿನಲ್ಲಿ ಟೆಂಪೋ ಅಡ್ಡ ನಿಲ್ಲದಿದ್ದರೆ ಉಳಿಯುವುದು ಮೂರು ನಿಮಿಷ. ವಿಳಾಸ ಸರಿಯಾಗಿ ಸಿಕ್ಕರೆ ಇನ್ನೂ ಕೆಲವು. ಇವಕ್ಕೆ ಯಾರ ಜೀವವನ್ನೂ ಪಣಕ್ಕಿಡಬೇಕಿಲ್ಲ. ಇವತ್ತು ಆ ಜೀಪು ಇನ್ಯಾರದ್ದೋ ಮನೆಗೆ ಹೋಗುತ್ತಿದೆ. ನಾಳೆ ಕರೆ ಮಾಡುವವರು ಟೆಂಪೋ ನಿಂತಿದ್ದ ಅಂಗಡಿಯವರೇ ಆಗಿರಬಹುದು.