ಬೆಕ್ಕಿನ ಬೇಟೆ

ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳು ಪಶ್ಚಿಮ ಘಟ್ಟದ ತಪ್ಪಲಲ್ಲಿ ಹಬ್ಬಿರುವ ಕಂಗಿನ ನಾಡು. ಅಲ್ಲಿ ತೋಟದ ನಡುವೆ ಒಂಟಿಯಾಗಿ ನಿಂತ ಮನೆಗಳು ಹಲವು. ಮನೆಯೊಳಗೆ ಅಕ್ಕಿ, ತೋಟದಲ್ಲಿ ತೆಂಗು ಮತ್ತು ಕೊಕ್ಕೋ ಇದ್ದಲ್ಲಿ ಇಲಿಗಳ ಸುಳಿದಾಟ ತಪ್ಪದು. ಆದುದರಿಂದ ಬೆಕ್ಕು ಅಲ್ಲಿನ ಸಂಸಾರದ ಒಂದು ಅಂಗವೇ ಆಗಿದೆ. ಆದರೆ ಹೊಟ್ಟೆ ತುಂಬಿದ ಬೆಕ್ಕು ಇಲಿ ಹಿಡಿಯದು ಎಂಬ ನಂಬಿಕೆ ಬಹಳ ಮಂದಿಯಲ್ಲಿದೆ. ಈ ನಂಬಿಕೆಯಿಂದಾಗಿ ಎಷ್ಟೋ ಬೆಕ್ಕುಗಳು ಅರೆಹೊಟ್ಟೆಯಲ್ಲಿ ದಿನ ಕಳೆಯಬೇಕಾಗುತ್ತದೆ. ಇದು ಎಷ್ಟರಮಟ್ಟಿಗೆ ಸರಿ?

ಮನೆಯ ಬೆಕ್ಕಿನ ಪೂರ್ವಿಕ ಆಫ್ರಿಕ ಮತ್ತು ಪಶ್ಚಿಮ ಏಷ್ಯಗಳ ಒಂದು ಕಾಡುಬೆಕ್ಕು. ಮನುಷ್ಯನು ಧಾನ್ಯವನ್ನು ಕೂಡಿಡಲು ತೊಡಗಿದಾಗ ಕಣಜಕ್ಕೆ ಇಲಿಗಳು ಬಂದವು; ಇಲಿಗಳನ್ನು ಹಿಂಬಾಲಿಸಿ ಬೆಕ್ಕು ಬಂದಿತು. ಸುಮಾರು 9,500 ವರ್ಷಗಳ ಹಿಂದೆ ಮನುಷ್ಯನ ಸಮೀಪದಲ್ಲಿಯೇ ಹೂಳಿದ್ದ ಬೆಕ್ಕೊಂದರ ಎಲುಬುಗಳು ಸೈಪ್ರಸ್ ದ್ವೀಪದಲ್ಲಿ ದೊರೆತಿವೆ. ಮನುಷ್ಯನ ಜೊತೆ ಬಾಳಿದರೂ ಅದರ ದೇಹ ಬೇಟೆಗಾರನ ದೇಹವಾಗಿಯೇ ಉಳಿಯಿತು. ನಮ್ಮ ಕಿವಿಗೆ ನಿಲುಕದ ಇಲಿಮರಿಯ ಕೀರಲು ದನಿ ಅದಕ್ಕೆ ಕೇಳಿಸುತ್ತದೆ. ಅಂಗಾಲಿನ ಮೆತ್ತೆ ಹೆಜ್ಜೆಯ ಸದ್ದನ್ನು ಅಡಗಿಸುತ್ತದೆ. ಒಳಕ್ಕೆ ಸರಿಯುವ ಉಗುರುಗಳು ನೆಲಕ್ಕೆ ತಗಲದೆ ಹರಿತವಾಗಿಯೇ ಇರುತ್ತವೆ. ತೀರ ಹತ್ತಿರದ ವಸ್ತು ಅದರ ಕಣ್ಣಿಗೆ ಸ್ಪಷ್ಟವಾಗಿ ಕಾಣದು. ಆಗ ಮುಂದಕ್ಕೆ ಚಾಚಿಕೊಳ್ಳುವ ಮೀಸೆಗಳೇ ಬೇಟೆಯ ಇರವನ್ನು ತಿಳಿಸುತ್ತವೆ.

ಬೆಕ್ಕಿನ ಬೇಟೆ ಸಣ್ಣ ಪ್ರಾಣಿ. ಒಂದು ಚಿಟ್ಟಿಲಿಯಿಂದ ದಿನದ ಹಸಿವು ನೀಗದು. ಹಾಕಿದ ಹೊಂಚೆಲ್ಲ ಫಲಿಸುವುದೂ ಇಲ್ಲ. ಹಸಿವಾದ ಮೇಲೆಯೇ ಹೊರಡುವ ಬೆಕ್ಕು ಉಪವಾಸ ಬೀಳುತ್ತದೆ. ಆದುದರಿಂದ ಪ್ರಕೃತಿಯು ಹಸಿವನ್ನೂ ಬೇಟೆಯ ತವಕವನ್ನೂ ಬೇರೆಬೇರೆಯಾಗಿ ಇರಿಸಿದೆ. ಹಸಿವು ಆ ತವಕವನ್ನು ಹೆಚ್ಚಿಸಬಲ್ಲುದು. ಆದರೆ ಅದನ್ನು ಹುಟ್ಟಿಸುವುದು ಹಸಿವಲ್ಲ. ತರಗೆಲೆಯ ಒಂದು ಸಣ್ಣ ಸದ್ದು ಕೇಳಿಸಿದರೆ ಸಾಕು, ಉಣ್ಣುತ್ತಿದ್ದ ಬೆಕ್ಕು ಕೂಡ ತಟ್ಟೆಯನ್ನು ಬಿಟ್ಟು ಹೊಂಚು ಹಾಕುತ್ತದೆ. ‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ’ ಎಂಬ ಗಾದೆಯು ಅದರ ಮೇಲೆ ಕ್ರೌರ್ಯದ ಅಪವಾದವನ್ನು ಹೊರಿಸಿದೆ. ಆದರೆ ಸಿಕ್ಕಿಬಿದ್ದ ಇಲಿಯೂ ಕಚ್ಚಬಲ್ಲುದು. ಅದನ್ನು ಬಳಲಿಸಿದ ಬಳಿಕ ಕೊರಳಿಗೆ ಬಾಯಿ ಹಾಕುವುದು ಕ್ಷೇಮ. ಆ ಚೆಲ್ಲಾಟದಲ್ಲಿ ಎಚ್ಚರವೂ ಅಡಗಿದೆ.

ಹಾಗಾದರೆ ಬೇಟೆಯು ಕೇವಲ ಹುಟ್ಟುಗುಣವೆ? ಚೀನದ ಮನಶ್ಶಾಸ್ತ್ರಜ್ಞ ಜಿಂಗ್ ಯಾಂಗ್ ಕುವೊ 1930ರಲ್ಲಿ ಪ್ರಕಟಿಸಿದ ಪ್ರಯೋಗವು ಇದಕ್ಕೆ ಉತ್ತರ ನೀಡುತ್ತದೆ. ತಾಯಿ ಇಲಿ ಕೊಲ್ಲುವುದನ್ನು ನೋಡುತ್ತ ಬೆಳೆದ 21 ಮರಿಗಳಲ್ಲಿ 18 ಮರಿಗಳು ಇಲಿಗಳನ್ನು ಕೊಂದವು. ಒಂಟಿಯಾಗಿ ಬೆಳೆದ 20 ಮರಿಗಳಲ್ಲಿ ಕೊಂದವು 9 ಮಾತ್ರ. ಇಲಿಯೊಡನೆ ಒಂದೇ ಪಂಜರದಲ್ಲಿ ಬೆಳೆದ 18 ಮರಿಗಳಲ್ಲಿ ಕೊಂದವು ಕೇವಲ 3. ತವಕ ಹುಟ್ಟಿನಿಂದ ಬಂದರೂ, ಅದು ಪಕ್ವವಾಗುವುದು ತಾಯಿಯ ಶಿಕ್ಷಣ ಹಾಗೂ ಬೆಳೆದ ಪರಿಸರಗಳಿಂದ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈ ತವಕಕ್ಕೆ ಮತ್ತೊಂದು ಮುಖವಿದೆ. ಇಲಿ ಶತ್ರು, ಹಕ್ಕಿ ಮಿತ್ರ ಎಂಬ ಭೇದ ಬೆಕ್ಕಿಗೆ ತಿಳಿಯದು. ಕಾಡಿನ ಅಂಚಿನ ಈ ತೋಟಗಳಲ್ಲಿ ಪಿಕಳಾರ, ಅರಣೆ, ಕಂಗಿನ ಮರದ ಹಾರುವ ಓತಿ ಮೊದಲಾದವೂ ಬಾಳುತ್ತಿವೆ. ಅವೂ ಅದರ ಕಣ್ಣಿಗೆ ಬೇಟೆಯೇ. ಇಂಗ್ಲೆಂಡಿನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮಾಂಸ ಹೇರಳವಾಗಿರುವ ಆಹಾರ ಕೊಟ್ಟಾಗ ಬೆಕ್ಕುಗಳು ಮನೆಗೆ ತರುವ ಬೇಟೆ ಶೇಕಡ 36ರಷ್ಟು ಕಡಿಮೆಯಾಯಿತು. ದಿನಕ್ಕೆ ಐದು ಹತ್ತು ನಿಮಿಷ ಆಟವಾಡಿಸಿದಾಗ ಶೇಕಡ 25ರಷ್ಟು ಕಡಿಮೆಯಾಯಿತು. ಬೇಟೆ ತಗ್ಗಿತೇ ಹೊರತು ನಿಲ್ಲಲಿಲ್ಲ.

ಆದುದರಿಂದ ಇಲಿ ಹಿಡಿಯಲೆಂದು ಬೆಕ್ಕನ್ನು ಹಸಿವಿನಲ್ಲಿ ಇಡುವುದು ಅನವಶ್ಯಕ. ಅದು ಹಕ್ಕಿ ಹಿಡಿದಾಗ ಹೊಡೆಯುವುದು ಅನ್ಯಾಯ. ಹೊಟ್ಟೆ ತುಂಬ ಉಣಿಸಿ, ಆಡಿಸಿ, ಹಕ್ಕಿಗಳು ಮರಿ ಮಾಡುವ ಕಾಲದಲ್ಲಿ ಅದನ್ನು ಮನೆಯೊಳಗೆ ಇರಿಸಿಕೊಳ್ಳುವುದು ವಿವೇಕ. ಬೆಕ್ಕು ತನ್ನ ಸ್ವಭಾವವನ್ನು ತಾನು ಅರಿಯದು. ಅದನ್ನು ಅರಿತು ಸಾಕುವ ಹೊಣೆ ಮನುಷ್ಯನದು.