ದೇವರಗುಡ್ಡದ ಗರಸು ದಾರಿಗಳಲ್ಲಿ ಸೈಕಲ್ ಪ್ರವಾಸ

ಗರಸು ಹಾಗೂ ಮಣ್ಣಿನ ದಾರಿಗಳಿಗೆಂದೇ ಅಗಲ ಟೈರಿನ ‘ಗ್ರಾವೆಲ್’ ಸೈಕಲ್ಲುಗಳು ಬಂದಿವೆ. ಅವುಗಳ ಸವಾರರು ಅರಸುವುದು ವಾಹನಗಳ ದಟ್ಟಣೆಯಿಲ್ಲದ ಹೊಲದ ದಾರಿಗಳನ್ನು. ದೇವರಗುಡ್ಡದಿಂದ ತುಂಗಭದ್ರೆಯ ದಡದವರೆಗೆ ಅಂಥ ದಾರಿಗಳಿಗೆ ಕೊರತೆಯಿಲ್ಲ.

ಆದರೆ ಗುಡ್ಡ ಕಂಡಲ್ಲೆಲ್ಲ ಮಾರ್ಗ ಗುರುತಿಸಲಾಗದು. ರಾಣೇಬೆನ್ನೂರು ಕೃಷ್ಣಮೃಗ ಅಭಯಾರಣ್ಯವು 1974ರಿಂದ ರಕ್ಷಿತ ಪ್ರದೇಶ. ಅದರ ವಿಸ್ತೀರ್ಣ 119 ಚದರ ಕಿ.ಮೀ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಲ್ಲಿ ಪ್ರವಾಸಿಗರ ಪ್ರವೇಶಕ್ಕೆ ಅರಣ್ಯ ಇಲಾಖೆಯ ಅನುಮತಿ ಅಗತ್ಯ. ಪಂಚಾಯತಿಯ ಠರಾವು ಸಾಲದು. ಆದಕಾರಣ ಅರಣ್ಯದಂಚಿನ ಊರುಗಳ ಮೂಲಕವೇ ಮಾರ್ಗ ಸಾಗುವುದು ಮೇಲು. ಖಾನಾವಳಿಗೂ ಪಂಕ್ಚರ್ ಅಂಗಡಿಗೂ ಗಿರಾಕಿ ಸಿಗುವುದು ಅಲ್ಲಿಯೇ.

ಮಳೆಗಾಲದಲ್ಲಿ ಎರೆಮಣ್ಣು ಚಕ್ರ ತಿರುಗಗೊಡದು. ಸುಗ್ಗಿಯಲ್ಲಿ ಚಕ್ಕಡಿ, ಟ್ರ್ಯಾಕ್ಟರುಗಳಿಗೆ ದಾರಿ ಮೊದಲು. ನವರಾತ್ರಿಯ ಕಾರ್ಣಿಕದ ದಿನಗಳಲ್ಲಿ ದೇವರಗುಡ್ಡದ ರಸ್ತೆಗಳು ಭಕ್ತರಿಂದ ತುಂಬಿರುವುದರಿಂದ ಸೈಕಲ್ ಕಾರ್ಯಕ್ರಮಗಳನ್ನು ಏರ್ಪಡಿಸತಕ್ಕದ್ದಲ್ಲ.